ಗುರ್ಕಾರ ಲಾದ್ರುವಿನ ಉಪವಾಸ

ರಾಮಕುಂಜದಿಂದ ಹೊಳೆಯ ಕಡೆಗೆ ಇಳಿಯುವ ಗುಡ್ಡದ ಮಗ್ಗುಲಲ್ಲಿ ಹದಿನಾಲ್ಕು ಕ್ರೈಸ್ತ ಮನೆಗಳಿದ್ದವು. ಆ ಹದಿನಾಲ್ಕು ಮನೆಗಳಿಗೆ ಗುರ್ಕಾರ ಲಾದ್ರು. ಗುರ್ಕಾರನೆಂದರೆ ಇಗರ್ಜಿಯ ಪಾದ್ರಿಗಳು ನೇಮಿಸಿದ ಹಿರಿಯ. ಯಾರ ಮನೆಯಲ್ಲಿ ಸಂಜೆಯ ಜಪ ತಪ್ಪಿತು, ಯಾವ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾರು ಕೋಳಿ ಅಂಕಕ್ಕೆ ಹೋಗಿ ಬಂದರು, ಎಲ್ಲವೂ ಅವನಿಗೆ ತಿಳಿದಿರಬೇಕು. ತಿಳಿದದ್ದು ಪಾದ್ರಿಗಳಿಗೆ ಮುಟ್ಟಬೇಕು. ಪಟೇಲನಿಗೆ ಮನುಷ್ಯರು ಹೆದರುತ್ತಿದ್ದರೆ ಲಾದ್ರುವಿಗೆ ಮನುಷ್ಯರ ಪಾಪಗಳೇ ಹೆದರಿ ದಾರಿ ಬಿಡುತ್ತಿದ್ದವು ಎಂದರೆ ಸ್ವಲ್ಪ ಹೆಚ್ಚಾಗುತ್ತದೆ, ಬಹಳ ಹೆಚ್ಚೇನೂ ಆಗುವುದಿಲ್ಲ.

ಕಸುಬಿನಲ್ಲಿ ಅವನು ಮಾಡಿಗೆ ಹಂಚು ಹೊದೆಸುವ ಮೇಸ್ತ್ರಿ. ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾಗುತ್ತಿದ್ದ ಕಾಲ ಅದು. ಕಡಬದಿಂದ ಆಲಂಕಾರಿನವರೆಗೆ ಅವನನ್ನು ಕರೆಯುವವರಿದ್ದರು. ಹಂಚು ಕೂರುವ ಮರದ ಪಟ್ಟಿ, ರೀಪು, ಒಂದು ನೂಲಿನಷ್ಟು ಓರೆಯಾದರೂ ಕೀಳಿಸಿ ಮತ್ತೆ ಹೊಡೆಸುತ್ತಿದ್ದ. ಅವನು ಹೊದೆಸಿದ ಮಾಡು ಸೋರಿದ್ದನ್ನು ಯಾರೂ ಕಂಡವರಿಲ್ಲ. ಅದೇ ಕೈ, ಅದೇ ಕಣ್ಣು ಇಟ್ಟುಕೊಂಡು ಅವನು ತನ್ನ ಆತ್ಮವನ್ನೂ ನೋಡಿಕೊಳ್ಳುತ್ತಿದ್ದ, ಊರಿನವರ ಆತ್ಮಗಳನ್ನೂ ನೋಡಿಕೊಳ್ಳುತ್ತಿದ್ದ.

ಅವನ ದೊಡ್ಡ ಹೆಮ್ಮೆ ಉಪವಾಸದ್ದು. ಆಗಿನ ಕಟ್ಟಳೆಯಂತೆ ಪೂಜೆಯಲ್ಲಿ ಪಾದ್ರಿಗಳು ನಾಲಿಗೆಯ ಮೇಲಿಡುವ ಪವಿತ್ರ ರೊಟ್ಟಿಯನ್ನು, ಪರಮಪ್ರಸಾದವನ್ನು, ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಒಂದು ಹನಿ ನೀರು ಕೂಡ ಇಲ್ಲ. ಇಗರ್ಜಿ ಇದ್ದದ್ದು ಕುಮಾರಧಾರೆಯ ಆಚೆ, ಪುತ್ತೂರಿನ ದಾರಿಯಲ್ಲಿ, ಎಂಟು ಮೈಲಿ ದೂರ. ಬೆಳಕು ಹರಿಯುವ ಮೊದಲೇ ಹೊರಟು, ದೋಣಿಯಲ್ಲಿ ಹೊಳೆ ದಾಟಿ, ಗುಡ್ಡ ಹತ್ತಿ ಇಳಿದು ಮುಟ್ಟುವಾಗ ನಾಲಿಗೆ ಅಂಗುಳಿಗೆ ಅಂಟಿರುತ್ತಿತ್ತು. ಲಾದ್ರುವಿಗೆ ಅದೇ ಸುಖ. ಹಲ್ಲುಜ್ಜುವಾಗ ತಪ್ಪಿ ನೀರು ಇಳಿದೀತೆಂದು ಪೂಜೆಯ ದಿನ ಹಲ್ಲನ್ನೇ ಉಜ್ಜುತ್ತಿರಲಿಲ್ಲ. ಮಳೆಗಾಲದಲ್ಲಿ ಎಂಟು ಮೈಲಿಯೂ ತುಟಿ ಬಿಗಿದು ನಡೆಯುತ್ತಿದ್ದ. ಮಳೆಹನಿ ಒಳಗೆ ಹೋದರೆ ಏನು ಗತಿ ಎಂಬುದು ಅವನಿಗೆ ನಿಜವಾಗಿಯೂ ಚಿಂತೆಯ ವಿಷಯ. ಹೆಂಡತಿ ಕಾತ್ರಿನ್ ಇದನ್ನು ಕಂಡು ನಗುತ್ತಿದ್ದಳು; ಎದುರಿಗಲ್ಲ.

ದೋಣಿ ಹತ್ತುವ ಮೊದಲು ಅವನು ಎಲ್ಲರನ್ನೂ ಕಡವಿನಲ್ಲಿ ನಿಲ್ಲಿಸಿ ತುಟಿ ನೋಡುತ್ತಿದ್ದ. ಒಣಗಿದ್ದರೆ ಸರಿ. ಒದ್ದೆ ಕಂಡರೆ ವಿಚಾರಣೆ. ದೋಣಿಯ ಮೊಯ್ದೀನ್ ಬ್ಯಾರಿ ಹುಟ್ಟಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. ಊರಿನ ಉಳಿದವರಂತೆ ಅವನೂ ಕ್ರೈಸ್ತರನ್ನು ಪೊರ್ಬುಗಳೆಂದೇ ಕರೆಯುತ್ತಿದ್ದ.

"ಎತ್ತಿನ ಹಲ್ಲು ನೋಡುದು ಸಂತೆಯಲ್ಲಿ, ಪೊರ್ಬುಗಳೇ. ಇಲ್ಲಿ ದೋಣಿ ಬಿಡುವ ಹೊತ್ತಾಯ್ತು."

"ನೀನು ದೋಣಿ ನೋಡು ಮಾರಾಯ. ಕೊನೆಯ ದಿನ ದೇವರು ಕೇಳುವಾಗ ಉತ್ತರ ಹೇಳಬೇಕಾದವ ನಾನು."

ಅದು ಬರೀ ಮಾತಲ್ಲ. ಲಾದ್ರು ಹಾಗೆಯೇ ನಂಬಿದ್ದ. ಹತ್ತನೆಯ ವಯಸ್ಸಿನಿಂದ ಒಂದು ಹನಿಯೂ ತಪ್ಪದೆ ಕಟ್ಟಳೆ ನಡೆಸಿದ್ದೇನೆ, ದೇವರ ಮುಂದೆ ತಲೆಯೆತ್ತಿ ನಿಲ್ಲಲಿಕ್ಕೆ ನನಗೆ ಹಕ್ಕುಂಟು ಎಂಬುದು ಅವನ ಧೈರ್ಯ. ಬೇರೆಯವರಿಗೆ ಆ ಧೈರ್ಯ ಇಲ್ಲವಲ್ಲ ಎಂದು ಮರುಕಪಡುತ್ತಲೂ ಇದ್ದ.

೧೯೫೧ರ ಬೇಸಿಗೆಯಲ್ಲಿ ಏಳು ಮಕ್ಕಳಿಗೆ ಮೊದಲ ಪರಮಪ್ರಸಾದದ ದಿನ ಬಂತು. ಆ ಏಳರಲ್ಲಿ ಒಬ್ಬಳು ರೆಜಿನ್, ಲಾದ್ರುವಿನ ತೀರಿಹೋದ ತಮ್ಮನ ಮಗಳು, ಎಂಟು ವರ್ಷದವಳು. ಅವಳ ತಾಯಿ ಸೆವ್ರಿನ್ ತನ್ನ ಮದುವೆಯ ಬಿಳಿ ಸೀರೆಯನ್ನು ಕತ್ತರಿಸಿ ಮಗಳಿಗೆ ಅಂಗಿ ಹೊಲಿದಿದ್ದಳು. ದೋಣಿ ನಡುಹೊಳೆಯಲ್ಲಿದ್ದಾಗ ಹುಡುಗಿ ಬಗ್ಗಿ, ಒಂದು ಬೊಗಸೆ ನೀರೆತ್ತಿ ಕುಡಿದಳು. ಮಕ್ಕಳು ದೋಣಿಯಲ್ಲಿ ಮಾಡುವುದೇ ಅದು. ಲಾದ್ರು ಕಂಡ. ದಾರಿಯುದ್ದಕ್ಕೂ ಏನೂ ಹೇಳಲಿಲ್ಲ. ಇಗರ್ಜಿಯ ಬಾಗಿಲಲ್ಲಿ ಆಗಿನ ಹಳೆಯ ಪಾದ್ರಿಗಳ ಕಿವಿಯಲ್ಲಿ ಹೇಳಿದ. ಆರು ಮಕ್ಕಳು ಮೇಣದ ಬತ್ತಿ ಹಿಡಿದು ಪೀಠದ ಹತ್ತಿರ ಹೋದರು. ರೆಜಿನ್ ಹಿಂದೆ, ಬಾಗಿಲ ಹತ್ತಿರ, ಬಿಳಿ ಅಂಗಿಯಲ್ಲಿ ಒಬ್ಬಳೇ ಕೂತಳು. ಇಡೀ ಇಗರ್ಜಿ ತಿರುಗಿ ತಿರುಗಿ ನೋಡಿತು.

ಮರುವಾರ ಅವಳಿಗೂ ಸಿಕ್ಕಿತು, ಬತ್ತಿಯೂ ಇಲ್ಲದೆ ಹಾಡೂ ಇಲ್ಲದೆ. ಸೆವ್ರಿನ್ ಅಂದಿನಿಂದ ಭಾವನ ಹತ್ತಿರ ಮಾತು ಬಿಟ್ಟಳು. ತಾನು ತಪ್ಪು ಮಾಡಿದ್ದೇನೆಂದು ಲಾದ್ರುವಿಗೆ ಅನಿಸಲಿಲ್ಲ. ಸ್ವಂತ ತಮ್ಮನ ಮಗಳೆಂದು ಬಿಟ್ಟಿದ್ದರೆ ಅದು ತಪ್ಪಾಗುತ್ತಿತ್ತು ಎಂದು ಅವನ ಲೆಕ್ಕ.

ಎರಡು ವರ್ಷ ಕಳೆದ ಮೇಲೆ ರೋಮಿನಿಂದ ಹೊಸ ಆಜ್ಞೆ ಬಂತು: ಇನ್ನು ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ. ಪಾದ್ರಿಗಳು ಅದನ್ನು ಓದಿದ ದಿನ ಸೆವ್ರಿನ್ ಮನೆಗೆ ಬಂದು ಅಂಗಳದ ಕೋಳಿಗಳನ್ನು ನೋಡಿಕೊಂಡು, ಬೇಲಿಯಾಚೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಎರಡು ವರ್ಷದ ಮೊದಲು ನೀರು ವಿಷ ಆಗಿತ್ತು. ಈಗ ಅದೇ ಹೊಳೆಯ ನೀರು ನೀರಾಯ್ತಂತೆ. ಕೇಳಿತಾ ಕೋಳಿಗಳೇ?"

ಬೇಲಿಯಾಚೆ ಲಾದ್ರು ಕೇಳಿದ. ಆ ರಾತ್ರಿ ಅವನು ಸರಿಯಾಗಿ ಉಣ್ಣಲಿಲ್ಲ. ಆದರೂ ಮರುದಿನ ಗಟ್ಟಿಯಾದ. ಆಗಿನ ಕಟ್ಟಳೆ ಆಗ, ಈಗಿನದ್ದು ಈಗ. ತಾನು ಮಾತ್ರ ನೀರನ್ನೂ ಮುಟ್ಟದೆ ಹಳೆಯ ಕ್ರಮವನ್ನೇ ನಡೆಸಿದ. ಕಡವಿನಲ್ಲಿ ತುಟಿ ನೋಡುವುದನ್ನೂ ಬಿಡಲಿಲ್ಲ, ಈಗ ಹುಡುಕುತ್ತಿದ್ದದ್ದು ತಿಂದದ್ದರ ಗುರುತು.

೧೯೫೫ರ ಏಪ್ರಿಲ್ ಕೊನೆಗೆ ಅವನ ಒಬ್ಬಳೇ ಮಗಳು ಫಿಲ್ಲುವಿನ ಮದುವೆ ನಿಗದಿಯಾಗಿತ್ತು. ಮದುವೆ ಇಗರ್ಜಿಯಲ್ಲಿ, ಊಟ ಹೆಣ್ಣಿನ ಮನೆಯಲ್ಲಿ. ಕರೆಯಲು ಹೋದಾಗ ಲಾದ್ರು ಸೆವ್ರಿನಳ ಅಂಗಳದಲ್ಲಿ ನಿಂತು ಕಂಬಕ್ಕೆ ಆಮಂತ್ರಣ ಹೇಳಿದ; ಸೆವ್ರಿನ್ ಕೋಳಿಗೆ ಉತ್ತರ ಕೊಟ್ಟಳು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಮದುವೆಯ ಹಿಂದಿನ ದಿನ ರೋಸ್, ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಅದಕ್ಕೆ ಸೆವ್ರಿನ್ ಬರಲಿಲ್ಲ, ರೆಜಿನ್ ಬಂದಳು. ಹನ್ನೆರಡು ವರ್ಷದವಳು, ಅಕ್ಕನ ಕೂದಲಿಗೆಲ್ಲ ಹಾಲು ಸುರಿದು ತಾನೂ ಒದ್ದೆಯಾಗಿ ನಕ್ಕಳು.

ಮದುವೆಯ ದಿನ ಇನ್ನೂ ಕೋಳಿ ಕೂಗುವ ಮೊದಲೇ ಮನೆ ಎದ್ದಿತ್ತು. ಹಿತ್ತಿಲಲ್ಲಿ ಎರಡು ಅಡುಗೆ: ಒಂದು ನೆಂಟರಿಗೆ, ಇನ್ನೊಂದು ಊರಿನ ಹಿಂದೂ ಮನೆಗಳವರಿಗೆ. ಆ ಎರಡನೆಯ ಒಲೆಗಳ ಯಜಮಾನ ನೆರೆಮನೆಯ ದೇರಣ್ಣ. ಅವನಿಗೆ ಕೈರುಚಿ ಉಂಟು, ಆದರೆ ತನ್ನ ನಾಲಿಗೆಯ ಮೇಲೆ ನಂಬಿಕೆ ಕಡಿಮೆ. ಹತ್ತು ಜನರಿಗೆ ತಿನ್ನಿಸಿ ನೋಡದೆ ಪಾತ್ರೆ ಇಳಿಸುವವನಲ್ಲ. ಲಾದ್ರು ಹೊಸ ಕೋಟು ಹಾಕಿ, ಎಲ್ಲ ಸರಿಯುಂಟಾ ಎಂದು ನೋಡುತ್ತ ಆ ಕಡೆ ಬಂದ.

"ಪೊರ್ಬುಗಳೇ, ಬೆಲ್ಲ ಸಾಕಾ ನೋಡಿ."

ಲಾದ್ರು ಕೈ ಒಡ್ಡಿದ. ದೇರಣ್ಣ ಸೌಟಿನಿಂದ ಬಿಸಿ ಕಡ್ಲೆಬೇಳೆ ಪಾಯಸ ಸುರಿದ. ಲಾದ್ರು ಊದಿ, ನೆಕ್ಕಿ, ಬೇಳೆಯನ್ನು ಅಗಿದು ನುಂಗಿ, ಮೇಸ್ತ್ರಿಯ ಗತ್ತಿನಲ್ಲಿ ತೀರ್ಪು ಕೊಟ್ಟ.

"ಬೇಳೆ ಬೆಂದಿದೆ. ಬೆಲ್ಲ ಇನ್ನೊಂದು ಅಚ್ಚು ಹಾಕು."

ಎರಡು ಹೆಜ್ಜೆ ನಡೆದು ಅವನು ಗಕ್ಕನೆ ನಿಂತ. ಅಂಗೈ ನೋಡಿದ. ಬಾಯಲ್ಲಿ ಏಲಕ್ಕಿಯ ಪರಿಮಳವಿತ್ತು. ಹಿಂದೆ ದೇರಣ್ಣ ಬೆಲ್ಲ ಜಜ್ಜುವ ಸದ್ದು ಕೇಳುತ್ತಿತ್ತು.

ನಲವತ್ತೆರಡು ವರ್ಷ. ಮಳೆಹನಿಗೆ ಬಾಯಿ ಮುಚ್ಚಿದವನು, ಮಗಳ ಮದುವೆಯ ದಿನ, ತಾನೇ ಕೈಯೊಡ್ಡಿ ತಿಂದಿದ್ದ. ಕ್ರಮದ ಪ್ರಕಾರ ಮದುಮಕ್ಕಳ ಹಿಂದೆಯೇ ಪರಮಪ್ರಸಾದಕ್ಕೆ ಹೋಗಬೇಕಾದವನು ಹೆಣ್ಣಿನ ತಂದೆ. ಹೋಗದಿದ್ದರೆ ಎರಡೂ ಕಡೆಯ ನೆಂಟರು, ಹದಿನಾಲ್ಕು ಮನೆಯವರು, ಎಲ್ಲರಿಗೂ ಗೊತ್ತಾಗುತ್ತದೆ. ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ದೇರಣ್ಣನಿಗೆ ಈ ಕಟ್ಟಳೆಯ ವಿಷಯ ತಿಳಿದೇ ಇಲ್ಲ. ಲಾದ್ರು ಮೊದಲ ಸಲ ತನ್ನನ್ನು ತಾನೇ ಹೆದರಿ ನೋಡಿದ.

ಕಡವಿನಲ್ಲಿ ಅವತ್ತು ಅವನು ಯಾರ ತುಟಿಯನ್ನೂ ನೋಡಲಿಲ್ಲ. ಮದುಮಗಳನ್ನು ಕೂರಿಸಿ ತಾನು ದೋಣಿಯ ತುದಿಯಲ್ಲಿ ಮೊಯ್ದೀನನ ಹತ್ತಿರ ಕೂತ. ಬ್ಯಾರಿಗಳ ಉಪವಾಸದ ತಿಂಗಳು ಆಗತಾನೆ ಶುರುವಾಗಿತ್ತು. ಮೊಯ್ದೀನನ ತುಟಿಯೂ ಒಣಗಿತ್ತು.

"ನಿಮ್ಮಲ್ಲಿ ಉಪವಾಸ ಹಿಡಿದವ ಮರೆತು ತಿಂದರೆ ಎಂತ ಮಾಡುದು?"

"ಮರೆತು ತಿಂದರೆ ಅದು ಅಲ್ಲಾಹು ತಿನ್ನಿಸಿದ್ದು ಅಂತ ನಮ್ಮ ಉಸ್ತಾದ್ ಹೇಳ್ತಾರೆ. ಬಾಯಿ ತೊಳೆದು ಉಪವಾಸ ಮುಂದುವರಿಸುದು." ಮೊಯ್ದೀನ್ ಹುಟ್ಟು ಹಾಕುತ್ತ ಅವನ ಮುಖ ನೋಡಿದ. "ಯಾರು ತಿಂದದ್ದು ಪೊರ್ಬುಗಳೇ?"

"ಯಾರೂ ಇಲ್ಲ. ಸುಮ್ಮನೆ ಕೇಳಿದ್ದು."

ಆಚೆ ದಡದಿಂದ ಮದುಮಗಳು ಬಾಡಿಗೆ ಕಾರಿನಲ್ಲಿ ಹೋದಳು. ಲಾದ್ರು ನಡೆದೇ ಹೊರಟ. ದಾರಿಯುದ್ದಕ್ಕೂ ಅವನ ಒಳಗೆ ಒಂದು ವಕಾಲತ್ತು ನಡೆಯಿತು. ಒಂದು ಅಂಗೈಯಷ್ಟು ಪಾಯಸ. ಮರೆತು ತಿಂದದ್ದು. ಮಗಳ ಮರ್ಯಾದೆಯ ಪ್ರಶ್ನೆ. ಎಂಟು ಮೈಲಿಯಲ್ಲಿ ಅವನು ತನಗಾಗಿ ಕಂಡುಹಿಡಿದಷ್ಟು ವಿನಾಯಿತಿಗಳನ್ನು ಅಷ್ಟು ವರ್ಷ ಊರಿನವರಿಗೆ ಒಂದನ್ನೂ ಕೊಟ್ಟಿರಲಿಲ್ಲ. ಕೊನೆಯ ಗುಡ್ಡದ ಇಳಿಜಾರಿನಲ್ಲಿ ಅವನಿಗೆ ಇದು ಹೊಳೆಯಿತು. ಕಳ್ಳತನದಿಂದ ದೇವರ ಊಟಕ್ಕೆ ಕೂರುವುದು ಬೇಡ ಎಂದು ಅಲ್ಲಿಯೇ ನಿಶ್ಚಯ ಮಾಡಿದ.

ಇಗರ್ಜಿಯಲ್ಲಿ ಹಳೆಯ ಪಾದ್ರಿಗಳು ಹೋಗಿ ಹೊಸಬರು ಬಂದಿದ್ದರು. ಲಾದ್ರುವಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಪೂಜೆಗೆ ಮೊದಲು ಅವರು ಪಾಪನಿವೇದನೆಯ ಜಾಗದಲ್ಲಿ ಕೂತಿದ್ದರು. ಲಾದ್ರು ಜಾಲರಿಯ ಈಚೆ ಮೊಣಕಾಲೂರಿ ಎಲ್ಲವನ್ನೂ ಹೇಳಿದ, ಇನ್ನೊಂದು ಅಚ್ಚು ಬೆಲ್ಲದ ತೀರ್ಪನ್ನೂ ಸೇರಿಸಿ. ಜಾಲರಿಯ ಆಚೆ ಪಾದ್ರಿಗಳು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಲಾದ್ರುವಿಗೆ ಅನುಮಾನ ಬಂತು.

"ಕಟ್ಟಳೆ ಕಟ್ಟಳೆಯೇ, ಗುರ್ಕಾರರೇ. ಇವತ್ತು ನಿಮಗೆ ಕೊಡ್ಲಿಕ್ಕಾಗುದಿಲ್ಲ. ಆದರೆ ಇದು ಪಾಪ ಅಲ್ಲ. ಮರೆತದ್ದು."

"ನಲವತ್ತೆರಡು ವರ್ಷ, ಪಾದ್ರ್ಯಾಬ್. ಒಂದು ಹನಿ ತಪ್ಪಿರಲಿಲ್ಲ. ಇನ್ನು ದೇವರು ಕೇಳಿದರೆ ನಾನು ಎಂತ ತೋರಿಸುದು?"

ಪಾದ್ರಿಗಳು ಜಾಲರಿಯ ಹತ್ತಿರಕ್ಕೆ ಬಗ್ಗಿದರು.

"ಹಸಿದು ಬರುದು ನಿಮ್ಮ ಕೆಲಸ. ಉಣ್ಣಿಸುದು ಅವನ ಕೆಲಸ. ಹಸಿದದ್ದಕ್ಕೆ ಕೂಲಿ ಅಂತ ಅವನು ಯಾರಿಗೂ ಉಣ್ಣಿಸಿದ್ದಿಲ್ಲ. ನನಗೂ ಇಲ್ಲ, ನಿಮಗೂ ಇಲ್ಲ. ಪ್ರೀತಿಯಿಂದ ಸುಮ್ಮನೆ ಕೊಡುದು ಅದು. ಅದಕ್ಕೇ ಕೃಪೆ ಅಂತ ಹೇಳುದು."

ಕೂಲಿಯ ಮಾತು ಮೇಸ್ತ್ರಿಗೆ ಸರಿಯಾಗಿ ತಾಗಿತು. ಅವನು ಏಳಲಿಲ್ಲ.

"ಇನ್ನೊಂದುಂಟು, ಪಾದ್ರ್ಯಾಬ್. ನನ್ನ ತಮ್ಮನ ಮಗಳು. ದೋಣಿಯಲ್ಲಿ ನೀರು ಕುಡಿದಳು. ಅವಳದ್ದೂ ಮರೆತದ್ದೇ. ನಾನು ಅವಳನ್ನು ಕಳ್ಳಿಯನ್ನು ಹಿಡಿದ ಹಾಗೆ ಹಿಡಿದು ಕೊಟ್ಟೆ."

"ಇದು ಹೇಳಬೇಕಾದದ್ದು." ಪಾದ್ರಿಗಳ ದನಿಯಲ್ಲಿ ಈಗ ನಗುವಿರಲಿಲ್ಲ. "ದೇವರು ಕ್ಷಮಿಸಿದ. ಇನ್ನು ಅವಳ ಹತ್ತಿರವೂ ಹೇಳಿ."

ಪೂಜೆ ಶುರುವಾಯಿತು. ಫಿಲ್ಲು ಬಿಳಿ ಸೀರೆಯಲ್ಲಿ, ಹೂವಿನ ಕಿರೀಟದಲ್ಲಿ, ತಂದೆಯ ಕಣ್ಣಿಗೆ ಗುರುತೇ ಸಿಗದಷ್ಟು ಚಂದ ಕಂಡಳು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು ನೆಲದ ಮೇಲೆ ಮೊಣಕಾಲೂರಿದ್ದರು. ಸೆವ್ರಿನ್ ಬಂದಿದ್ದಳು, ಹೆಂಗಸರ ಕೊನೆಯ ಸಾಲಿನಲ್ಲಿ ಅವಳ ತಲೆ ಕಂಡಿತು. ಪರಮಪ್ರಸಾದದ ಗಂಟೆ ಬಾರಿಸಿತು. ಮದುಮಕ್ಕಳು ಎದ್ದರು. ಲಾದ್ರು ಎದ್ದ, ಎದ್ದವನು ಮುಂದೆ ಹೋಗದೆ ಎಲ್ಲರ ನಡುವಿನಿಂದ ಹಿಂದೆ ನಡೆದು, ಬಾಗಿಲ ಹತ್ತಿರದ ಮೂಲೆಯಲ್ಲಿ ಮೊಣಕಾಲೂರಿದ. ತಲೆಗಳು ತಿರುಗಿದವು. ಗುರ್ಕಾರ. ಮಗಳ ಮದುವೆಯಲ್ಲಿ. ಪಿಸುಮಾತು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಬಂದು ಮುಟ್ಟಿತು. ಅವನ ಕಿವಿ ಕಾದು ಕೆಂಪಾಯಿತು. ನೆಲ ಬಾಯಿಬಿಡಬಾರದೇ ಎಂದು ಮನುಷ್ಯನಿಗೆ ಯಾವಾಗ ಅನಿಸುತ್ತದೆಂದು ಅವನಿಗೆ ಆಗ ತಿಳಿಯಿತು.

ಪಕ್ಕದಲ್ಲಿ ಯಾರೋ ಬಂದು ಮೊಣಕಾಲೂರಿದರು. ರೆಜಿನ್. ಹೆಂಗಸರ ಸಾಲು ಬಿಟ್ಟು ಗಂಡಸರ ಬದಿಗೆ ಬಂದಿದ್ದಳು.

"ನೀನು ಎಂತದಕ್ಕೆ ಬಂದದ್ದು? ಹೋಗು, ಎಲ್ಲರೂ ಹೋಗ್ತಾ ಇದ್ದಾರೆ. ನೀನು ತಿಂದಿಲ್ಲವಲ್ಲ."

"ತಿಂದಿಲ್ಲ." ಅವಳು ಪೀಠದ ಕಡೆಗೇ ನೋಡುತ್ತ ಪಿಸುಗುಟ್ಟಿದಳು. "ಒಬ್ಬರೇ ಕೂತರೆ ಎಲ್ಲರೂ ನೋಡ್ತಾರೆ ದೊಡ್ಡಪ್ಪ. ಇಬ್ಬರಿದ್ದರೆ ಅಷ್ಟು ನೋಡುದಿಲ್ಲ."

ಯಾಕೆ ಎಂದು ಅವಳು ಕೇಳಲಿಲ್ಲ. ಏನು ತಿಂದಿರಿ ಎಂದು ಕೇಳಲಿಲ್ಲ. ಲಾದ್ರು ಹೊಸ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ, ಒರೆಸಿದಷ್ಟೂ ಬಂತು. ದೇವರ ಕೃಪೆಯ ಬಗ್ಗೆ ಅವನು ನಲವತ್ತು ವರ್ಷ ಪಾದ್ರಿಗಳ ಪ್ರಸಂಗ ಕೇಳಿದ್ದ, ಎಲ್ಲ ಪ್ರಸಂಗಗಳಲ್ಲೂ ತಲೆಯಾಡಿಸಿದ್ದ. ಅದು ಹೀಗಿರುತ್ತದೆ, ಇಷ್ಟು ಹತ್ತಿರ ಬಂದು ಕೂರುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ನಾನು ನಿನಗೆ ದೊಡ್ಡ ಅನ್ಯಾಯ ಮಾಡಿದೆ ಮಗಾ."

"ಗೊತ್ತುಂಟು," ಎಂದಳು ರೆಜಿನ್. "ಈಗ ಜಪ ಮಾಡಿ, ಅಮ್ಮ ನೋಡ್ತಾ ಇದ್ದಾರೆ."

ಊಟದ ಚಪ್ಪರದಲ್ಲಿ, ಮದುಮಕ್ಕಳಿಗೆ ಶುಭ ಹಾರೈಸುವ ಹೊತ್ತಿಗೆ, ಹೆಣ್ಣಿನ ತಂದೆ ಎರಡು ಮಾತಾಡಬೇಕು. ಲಾದ್ರು ಎದ್ದು ನಿಂತ. ಮದುಮಕ್ಕಳ ವಿಷಯ ಅರ್ಧ ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವನು ಪಾಯಸದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ, ಕೈ ಹೇಗೆ ಒಡ್ಡಿದೆನೆಂಬುದನ್ನೂ ತೋರಿಸಿದ. ಆಮೇಲೆ ಎದ್ದ ನಗುವಿಗೆ ಚಪ್ಪರದ ಕಂಬಗಳೇ ಅಲುಗಿದವು. ಅಷ್ಟು ವರ್ಷ ತುಟಿ ತೋರಿಸಿ ತೋರಿಸಿ ಬೇಸತ್ತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾತ್ರಿನ್ ಈ ಸಲ ಗಂಡನ ಎದುರಿಗೇ ನಕ್ಕಳು. ದೇರಣ್ಣನೊಬ್ಬ ಗಾಬರಿಯಾಗಿ ಸೌಟು ಹಿಡಿದೇ ಓಡಿಬಂದ.

"ನನ್ನಿಂದ ನಿಮ್ಮ ಜಾತಿ ಹೋಯ್ತಾ ಪೊರ್ಬುಗಳೇ?"

"ಇಲ್ಲ ಮಾರಾಯ. ನಿನ್ನಿಂದ ಜಂಬ ಹೋಯ್ತು."

ನಗು ಇಳಿದ ಮೇಲೆ ಲಾದ್ರು ಸೆವ್ರಿನ್ ಕೂತಲ್ಲಿಗೆ ತಿರುಗಿದ. ಅವಳ ಮಗಳಿಗೆ ತಾನು ಮಾಡಿದ್ದನ್ನು, ಮಗಳು ಇವತ್ತು ತನಗೆ ಮಾಡಿದ್ದನ್ನು, ಎಲ್ಲರೂ ಕೇಳುವಂತೆ ಹೇಳಿದ. ಕ್ಷಮಿಸಬೇಕು ಎಂದ. ಸೆವ್ರಿನ್ ತಲೆ ತಗ್ಗಿಸಿ ಎಲೆಯ ಮೇಲಿನ ಪಾಯಸವನ್ನು ಬೆರಳಲ್ಲಿ ಕಲಸುತ್ತಿದ್ದಳು. ಹತ್ತಿರ ಕೋಳಿ ಯಾವುದೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಭಾವನ ಮುಖಕ್ಕೆ ನೋಡಿ ಮಾತಾಡಿದಳು.

"ಬೆಲ್ಲ ಜಾಸ್ತಿ ಆಗಿದೆ ಭಾವ."

ಇಷ್ಟಾದ ಮೇಲೂ ಲಾದ್ರು ಗುರ್ಕಾರಿಕೆ ಬಿಡಲಿಲ್ಲ, ಬಿಡಲು ಹೊರಟಾಗ ಊರಿನವರೇ ಬಿಡಲಿಲ್ಲ. ಕಡವಿನಲ್ಲಿ ತುಟಿ ನೋಡುವುದು ಮಾತ್ರ ನಿಂತಿತು. ಅದರ ಬದಲು ಪೂಜೆಯಿಂದ ಮರಳುವವರಿಗಾಗಿ ಹೊಳೆಬದಿಯ ಮರದಡಿ ಪ್ರತಿ ಭಾನುವಾರ ಒಂದು ದೊಡ್ಡ ಪಾತ್ರೆ ಗಂಜಿ, ಉಪ್ಪಿನಕಾಯಿ ಕಾಯತೊಡಗಿತು. ಕಾತ್ರಿನ್ ಬೇಯಿಸುವುದು, ಲಾದ್ರು ಬಡಿಸುವುದು. ಉಪವಾಸ ಹಿಡಿದವರು ಯಾರು, ಹಿಡಿಯದವರು ಯಾರು ಎಂದು ಅವನು ಕೇಳುತ್ತಿರಲಿಲ್ಲ. ಮೊಯ್ದೀನನಿಗೂ ಒಂದು ಪಾಲು ಇತ್ತು, ಅವನ ಉಪವಾಸದ ತಿಂಗಳೊಂದು ಬಿಟ್ಟು. ಐವತ್ತೇಳರಲ್ಲಿ ಕಟ್ಟಳೆ ಮತ್ತೆ ಸಡಿಲವಾಗಿ ನಡುರಾತ್ರಿಯಿಂದ ಹಿಡಿಯುವ ಬದಲು ಪರಮಪ್ರಸಾದಕ್ಕೆ ಮೊದಲಿನ ಮೂರು ಗಂಟೆಯ ಉಪವಾಸ ಸಾಕೆಂದಾಯಿತು. ಅರವತ್ತನಾಲ್ಕರ ಕೊನೆಗೆ ಒಂದೇ ಗಂಟೆ. ಎರಡೂ ಸಲ ಲಾದ್ರು ತಾನೇ ಮನೆಮನೆಗೆ ಹೋಗಿ ಸಂತೋಷದಿಂದ ಸುದ್ದಿ ಹೇಳಿದ. ಆದರೆ ತನ್ನ ಮಟ್ಟಿಗೆ ನಡುರಾತ್ರಿಯ ಉಪವಾಸವನ್ನೇ ಹಿಡಿದ. ಕೇಳಿದವರಿಗೆ ಅಭ್ಯಾಸ ಎನ್ನುತ್ತಿದ್ದ. ಎಲ್ಲವೂ ಅಭ್ಯಾಸವಾಗಿರಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ ಹಳೆಯ ಮೇಸ್ತ್ರಿ ಇನ್ನೂ ಕೂತಿದ್ದ. ದೇವರು ಸುಮ್ಮನೆ ಕೊಡುತ್ತಾನೆ ಸರಿ, ಆದರೂ ನನ್ನದೂ ಒಂದಿಷ್ಟು ಇರಲಿ ಎಂದು.

೧೯೬೫ರ ಜನವರಿಯಲ್ಲಿ ರೆಜಿನ್‌ಗೆ ಮದುವೆ. ಸೆವ್ರಿನ್ ಬೇಲಿ ದಾಟಿ ಬಂದು, ತಂದೆಯ ಜಾಗದಲ್ಲಿ ಭಾವನೇ ನಿಲ್ಲಬೇಕೆಂದು ಕೇಳಿದಳು. ಲಾದ್ರು ತಲೆಯಾಡಿಸಿದ. ರೋಸಿನ ದಿನ ಎಲ್ಲರಿಗಿಂತ ಮೊದಲು ಅವನೇ ಅವಳ ಹಣೆಗೆ ತೆಂಗಿನ ಹಾಲು ಹಚ್ಚಿದ. ಮರುದಿನ ಬೆಳಿಗ್ಗೆ ಆರು ಗಂಟೆಗೆ, ಅರವತ್ತೆರಡರ ಮುದುಕ ಕೋಟು ಹಾಕಿ ಸೆವ್ರಿನಳ ಜಗಲಿಯಲ್ಲಿ ಕೂತಿದ್ದ. ಚಳಿಗೆ ಕೈ ನಡುಗುತ್ತಿತ್ತು. ಮದುಮಗಳು ಇನ್ನೂ ಮನೆಯ ಸೀರೆಯಲ್ಲೇ, ಕೈಯಲ್ಲಿ ಹಿತ್ತಾಳೆಯ ಲೋಟ ಹಿಡಿದು ಹೊರಗೆ ಬಂದಳು.

"ಕಾಪಿ ಕುಡೀರಿ ದೊಡ್ಡಪ್ಪ."

"ಪೂಜೆ ಉಂಟಲ್ಲ ಮಗಾ."

"ಪೂಜೆ ಹತ್ತೂವರೆಗೆ. ನಡಿಲಿಕ್ಕೆ ಎಂಟು ಮೈಲಿ ಉಂಟು. ನಿಮ್ಮ ಕೈ ನಡುಗ್ತಾ ಉಂಟು. ನನ್ನನ್ನು ಕೈಹಿಡಿದು ಪೀಠದವರೆಗೆ ಕರ್ಕೊಂಡು ಹೋಗುದು ಯಾರು?"

"ನನಗೆ ಅಭ್ಯಾಸ ಇಲ್ಲ."

ಅವಳು ವಾದ ಮಾಡಲಿಲ್ಲ. ಜಗಲಿಯಲ್ಲಿ ಅವನ ಪಕ್ಕ ಕೂತು, ಲೋಟವನ್ನು ಅವನ ಕೈಯಲ್ಲಿಟ್ಟು, ತನ್ನ ಎರಡೂ ಕೈಗಳಿಂದ ಆ ಕೈಯನ್ನು ಮುಚ್ಚಿ ಹಿಡಿದಳು. ಇಗರ್ಜಿಯ ಮೂಲೆಯಲ್ಲಿ ಕೂತ ಹಾಗೆಯೇ, ಮುಂದಕ್ಕೆ ನೋಡುತ್ತ, ಏನೂ ಕೇಳದೆ. ಲಾದ್ರುವಿನ ಕೈ ಬೆಚ್ಚಗಾಯಿತು. ಐವತ್ತೆರಡು ವರ್ಷ ತಾನು ಜೋಪಾನ ಮಾಡಿದ ಹಸಿವೆಯನ್ನು ಅವನು ಒಂದು ಸಲ ನೆನೆದುಕೊಂಡ. ಇವಳ ಪ್ರೀತಿಗೆ ಬದಲಾಗಿ ಕೊಡಲು ಅದೂ ಸಾಲದು ಎನಿಸಿತು. ಇವಳಂತೂ ಏನನ್ನೂ ಕೇಳಿರಲಿಲ್ಲ. ಅವನ ಮನಸ್ಸು ಹಗುರಾಯಿತು. ಲೋಟ ಎತ್ತಿ ಒಂದು ಗುಟುಕು ಕುಡಿದ. ಬೆಲ್ಲದ ಕಾಪಿ, ಒಳ್ಳೆ ಬಿಸಿ. ಇನ್ನೊಂದು ಗುಟುಕು ಕುಡಿದ. ತಳದವರೆಗೆ ಕುಡಿದು, ಬಾಯಿ ಒರೆಸಿಕೊಂಡು, ಖಾಲಿ ಲೋಟವನ್ನು ಅವಳ ಕಡೆಗೆ ಚಾಚಿದ.

"ಇನ್ನು ಸ್ವಲ್ಪ ಉಂಟಾ ಮಗಾ?"

"ಉಂಟು ದೊಡ್ಡಪ್ಪ," ಎಂದು ಮದುಮಗಳು ಒಳಗೆ ಹೋದಳು.